ಜೀವಶಾಸ್ತ್ರ ಬಿಡಿಸಿದ ಮಾಸ್ತರರು

ಅವರು ತೀರಿಕೊಂಡ ಸುದ್ದಿ ನನಗೆ ಜೇವರ್ಗಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ತಿಳಿಯಿತು. ಹತ್ತನೆಯ ತರಗತಿಯ ಗಣಿತದ ಪೇಪರುಗಳನ್ನು ತಿದ್ದುತ್ತ ಕೂತಿದ್ದೆ. ರಜೆಗೆಂದು ಆಳಂದಕ್ಕೆ ಹೋಗಿ ಬಂದಿದ್ದ ಸಹೋದ್ಯೋಗಿಯೊಬ್ಬರು ಊಟದ ಡಬ್ಬಿ ಬಿಚ್ಚುತ್ತ, “ನಮ್ಮ ಓಣ್ಯಾಗ ಒಬ್ರು ಹಳೇ ಮಾಸ್ತರು ಹೋದ್ರು ನೋಡ್ರಿ. ಅಫಜಲಪುರ ಕಡೆ ಭಾಳ ವರ್ಷ ನೌಕರಿ ಮಾಡಿದ್ರಂತ. ಲಕ್ವಾ ಹೊಡದು ಎಡಗೈ ಬಿದ್ದಿತ್ತು. ಶನಿವಾರ ಮಣ್ಣಾತು” ಎಂದರು. ನಾನು ಹೆಸರು ಕೇಳಲಿಲ್ಲ. ಕೈಯಲ್ಲಿದ್ದ ಪೇಪರನ್ನು ಮುಗಿಸಿ ಇನ್ನೊಂದನ್ನು ತೆಗೆದುಕೊಂಡೆ. ಸಂಜೆ ಅಂಕ ಕೂಡಿಸುವಾಗ ಗೊತ್ತಾಯಿತು, ಆಮೇಲೆ ತಿದ್ದಿದ ಒಂದು ಪೇಪರಿನಲ್ಲೂ ತಪ್ಪಿಗೆ ತಪ್ಪು ಎಂದು ಗೆರೆ ಹಾಕಿರಲಿಲ್ಲ.

ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ನಮ್ಮೂರಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇರಲಿಲ್ಲ. ಎದುರಿಗೆ ‘ಸರ್’, ಹಿಂದಿನಿಂದ ‘ಮುಂದ ಮಾಸ್ತರ’.

ನಮ್ಮೂರು ಅತನೂರಿನಿಂದ ಕಾಲುದಾರಿಯಲ್ಲಿ ಒಂದು ತಾಸು. ನಾಲ್ಕು ಕೋಣೆಗಳ ಹೈಸ್ಕೂಲು, ಸುತ್ತ ತೊಗರಿ ಹೊಲ. ಮಾಸ್ತರರು ಗಣಿತಕ್ಕೆಂದು ಬಂದವರು. ಬೇರೆ ಯಾರೂ ಆ ಊರಿಗೆ ಬರಲು ಒಪ್ಪದ್ದರಿಂದ ವಿಜ್ಞಾನವೂ ಅವರ ತಲೆಗೇ ಬಂತು. ಕುಳ್ಳಗಿನ ಮನುಷ್ಯ. ಬಿಳಿ ಪೈಜಾಮ, ತೋಳು ಮಡಚಿದ ಅಂಗಿ, ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ. ಬೋರ್ಡಿನ ಕೆಳಗಿನ ಸಾಲು ಬರೆಯಲು ಬಗ್ಗಿದಾಗ ಆ ಕರಡಿಗೆ ಅಂಗಿಯಿಂದ ಜಾರಿ ಬೋರ್ಡಿಗೆ ಟಕ್ಕೆಂದು ಬಡಿಯುತ್ತಿತ್ತು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ಒಳಗೆ ಸೇರಿಸಿ, ಲೆಕ್ಕದ ಒಂದು ಹಂತ ಬರೆದು, ನಮ್ಮ ಕಡೆ ತಿರುಗಿ ಕೇಳುತ್ತಿದ್ದರು: “ಮುಂದ?”

ಆ ‘ಮುಂದ’ಕ್ಕೆ ನಮ್ಮಲ್ಲಿ ಯಾರಾದರೊಬ್ಬರು ಉತ್ತರ ಹೇಳುವವರೆಗೂ ಅವರ ಸುಣ್ಣದ ಕಡ್ಡಿ ಅಲುಗುತ್ತಿರಲಿಲ್ಲ. ಒಮ್ಮೆ ಯಾರಿಗೂ ಹೊಳೆಯದೆ ಇಡೀ ತರಗತಿ ಮುಗಿಯುವವರೆಗೆ ಹಾಗೆಯೇ ನಿಂತಿದ್ದರು. ಬೈಯಲಿಲ್ಲ, ಕೂರಲಿಲ್ಲ. ಗಂಟೆ ಹೊಡೆದ ಮೇಲೆ, “ನಾಳೆನೂ ಇಲ್ಲೇ ನಿಂದರ್ತೇನಿ” ಎಂದು ಹೊರಟುಹೋದರು. ಮರುದಿನ ನಾನು ಉತ್ತರ ಹೇಳಿದೆ. ಅವರು ಶಹಬ್ಬಾಸ್ ಅನ್ನಲಿಲ್ಲ, ಥಟ್ಟನೆ ಬೋರ್ಡಿನ ಕಡೆ ತಿರುಗಿದರು. ಖುಷಿಯಾದಾಗ ಅವರು ಮುಖ ತೋರಿಸುತ್ತಿರಲಿಲ್ಲ. ನಮಗೆ ಅವರ ಬೆನ್ನು ನೋಡಿಯೇ ಅವರು ನಗುತ್ತಿದ್ದಾರೆಂದು ತಿಳಿಯುತ್ತಿತ್ತು.

ಊರಿನವರು ಹೊಲ ಪಾಲು ಮಾಡುವಾಗ ಅವರನ್ನೇ ಕರೆಯುತ್ತಿದ್ದರು. ಸರ್ವೆಯವರು ಬರಲು ವರ್ಷ ಹಿಡಿಯುತ್ತಿದ್ದ ಕಾಲ. ಮಾಸ್ತರರು ಗಂಟು ಹಾಕಿದ ಹಗ್ಗ ಹಿಡಿದು, ಸೊಟ್ಟ ಹೊಲವನ್ನು ತ್ರಿಕೋನಗಳಾಗಿ ಒಡೆದು, ನೆಲದ ಮೇಲೆಯೇ ಕಡ್ಡಿಯಿಂದ ಲೆಕ್ಕ ಮಾಡಿ ಗೆರೆ ಹಾಕಿಕೊಡುತ್ತಿದ್ದರು. ಒಮ್ಮೆ ಇಬ್ಬರು ಅಣ್ಣತಮ್ಮಂದಿರ ಪಾಲಿನಲ್ಲಿ ಗೆರೆ ಅಣ್ಣನ ಮಾವಿನ ಗಿಡದ ಈಚೆ ಬಂದು ಗಿಡ ತಮ್ಮನ ಪಾಲಿಗೆ ಹೋಯಿತು. ಆತ ಸಿಟ್ಟಿಗೆದ್ದು, “ನಾ ಹಿರಿಯವ, ಗಿಡ ನಂದು, ಇನ್ನೊಮ್ಮೆ ಅಳೀರಿ” ಎಂದ. ಮಾಸ್ತರರು ಹಗ್ಗ ಸುತ್ತುತ್ತ, “ಹಗ್ಗಕ್ಕ ಅಣ್ಣ ಯಾರು, ತಮ್ಮ ಯಾರು ಗೊತ್ತಾಗೂದಿಲ್ರಿ” ಎಂದರು. ಆತ ತಿಂಗಳುಗಟ್ಟಲೆ ಮಾತು ಬಿಟ್ಟ. ಇವರು ಮಾತ್ರ ಹಾದಿಯಲ್ಲಿ ಸಿಕ್ಕಾಗಲೆಲ್ಲ ನಮಸ್ಕಾರ ಮಾಡುತ್ತಲೇ ಇದ್ದರು. ಲೆಕ್ಕ ಸರಿಯಿದ್ದ ಮೇಲೆ ಜಗಳಕ್ಕೆ ಕಾರಣವೇ ಇಲ್ಲ ಎಂದು ಅವರು ನಿಜವಾಗಿಯೂ ನಂಬಿದ್ದರು.

ಅವರಿಗೆ ಒಂದೇ ಒಂದು ತಾತ್ಸಾರವಿತ್ತು, ಅದು ಜೀವಶಾಸ್ತ್ರದ ಬಗ್ಗೆ. ವಿಜ್ಞಾನ ಪುಸ್ತಕದಲ್ಲಿ ಆ ಪಾಠಗಳು ಬಂದರೆ, “ಇದು ಬಾಯಿಪಾಠದ ವಿದ್ಯಾ. ಎಲಿ ಹೆಸರು, ಹುಳದ ಹೆಸರು. ಇದರಾಗ ವಿಚಾರ ಮಾಡೂದು ಏನದ? ನೀವ ಓದ್ಕೊರಿ” ಎಂದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ನಾವು ಗಟ್ಟಿಯಾಗಿ ಓದುತ್ತಿದ್ದೆವು. ಅವರು ಹೊರಗಿನ ತೊಗರಿ ಸಾಲುಗಳನ್ನು ಎಣಿಸುತ್ತಿದ್ದರೇನೋ.

ನಾನು ಡಾಕ್ಟರಾಗಬೇಕೆಂದುಕೊಂಡದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಚಿಕ್ಕಪ್ಪನ ಹೆಂಡತಿ ಚಿಗವ್ವ ಸತ್ತ ದಿನ. ಅವಳದು ಎರಡನೆಯ ಹೆರಿಗೆ. ಕೂಸು ಅಡ್ಡ ಸಿಕ್ಕಿಕೊಂಡಿತ್ತು. ಬಂಡಿಯಲ್ಲಿ ಹತ್ತಿರದ ದವಾಖಾನೆಗೆ ಒಯ್ದರೆ ಅಲ್ಲಿದ್ದವರು ಗಂಡಸು ಡಾಕ್ಟರು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, “ಗಂಡಸರ ಕೈಲೆ ಮುಟ್ಟಸಾಂಗಿಲ್ಲ” ಎಂದು ಹಟ ಹಿಡಿದಳು. ಹೆಣ್ಣು ಡಾಕ್ಟರು ಇದ್ದಾರೆಂದು ಯಾರೋ ಹೇಳಿದ ಊರಿಗೆ ಬಂಡಿ ಹೊರಳಿತು. ಚಿಗವ್ವ ಹಾದಿಯಲ್ಲೇ ಹೋದಳು. ನಮ್ಮ ಪದ್ಧತಿಯಂತೆ ಅವಳ ಹೆಣವನ್ನು ಪಡಸಾಲೆಯಲ್ಲಿ ಕೂರಿಸಿದಾಗ ನಾನು ಹಗಲೆಲ್ಲ ಪಕ್ಕದಲ್ಲೇ ಕೂತಿದ್ದೆ. ದುಃಖ ವಿಚಾರಿಸಲು ಬಂದ ಮಾಸ್ತರರು ನನ್ನನ್ನು ನೋಡಿ, “ಏನವಾ?” ಎಂದರು. ನಾನು, “ನಾ ಡಾಕ್ಟರ್ ಆಗ್ತೇನ್ರಿ ಸರ್” ಎಂದೆ. ಅಳುತ್ತಿದ್ದ ಹೆಂಗಸರು ನನ್ನ ಕಡೆ ನೋಡಿದರು. ಇದೇನು ಹೊತ್ತಲ್ಲದ ಹೊತ್ತಿನ ಮಾತು ಎಂದು ಅವ್ವ ನನ್ನ ತೋಳು ಹಿಡಿದೆಳೆದಳು. ಮಾಸ್ತರರು ನಗಲೂ ಇಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. “ಆಗು. ನಾ ಇದ್ದೇನಿ” ಎಂದರು.

ಅಂದಿನಿಂದ ಅವರು ನನ್ನನ್ನು ಕರೆಯುತ್ತಿದ್ದದ್ದು ‘ಡಾಕ್ಟರವ್ವ’ ಎಂದೇ. ತೊಗರಿ ಕೊಯ್ಲಿನ ಹೊತ್ತಿಗೆ ಅಪ್ಪ ನನ್ನನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ದರೆ ಅವರು ಅಲ್ಲಿಗೇ ಬರುತ್ತಿದ್ದರು. “ಅಣ್ಣಾರ, ಡಾಕ್ಟರವ್ವನ ಕುಡಗೋಲು ನನಗ ಕೊಡ್ರಿ. ಆಕಿ ಸಾಲಿಗೆ ಹೋಗಲಿ, ನಾ ಕೊಯ್ತೇನಿ” ಎಂದು ಪೈಜಾಮ ಮೇಲೆ ಕಟ್ಟುತ್ತಿದ್ದರು. ಅಪ್ಪನಿಗೆ ನಾಚಿಕೆಯಾಗಿ ನನ್ನನ್ನು ಕಳಿಸುತ್ತಿದ್ದ. ಅವರ ಹೆಂಡತಿಯನ್ನು ನಾವು ಅಕ್ಕಾರು ಅನ್ನುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಲೆಕ್ಕ ಹೇಳಿಸಿಕೊಳ್ಳಲು ಅವರ ಮನೆಗೆ ಹೋದರೆ ಅಕ್ಕಾರು ತಮ್ಮ ಸಣ್ಣ ಹೆಣ್ಣುಮಕ್ಕಳ ಜೊತೆಗೆ ನನ್ನ ಕೈಗೂ ರೊಟ್ಟಿ ಕೊಟ್ಟು, “ಮೊದಲ ತಿನ್ನು, ಇವರ ‘ಮುಂದ’ ಎಲ್ಲಿಗೂ ಓಡಿ ಹೋಗೂದಿಲ್ಲ” ಎಂದು ನಗುತ್ತಿದ್ದರು.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಇಡೀ ಶಾಲೆಗೆ ಮೊದಲನೆಯವಳಾದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮೂರಿನಿಂದ ಹುಡುಗಿಯೊಬ್ಬಳು ವಿಜ್ಞಾನ ಓದಲು ತಾಲೂಕಿನ ಆಚೆಯ ಕಾಲೇಜಿಗೆ ಹೊರಟದ್ದು ಅದೇ ಮೊದಲು. ಮಾಸ್ತರರು ಕಾಲೇಜಿನ ಅರ್ಜಿಯನ್ನು ತಾವೇ ತಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಮಸಿ ಪೆನ್ನಿನಿಂದ ತುಂಬಿದರು. ಅಪ್ಪ, ಅವ್ವ, ಆಯಿ ಸುತ್ತ ನಿಂತಿದ್ದರು. ವಿಷಯಗಳ ಸಾಲು ಬಂತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ನಾಲ್ಕನೆಯದಕ್ಕೆ ಎರಡು ಆಯ್ಕೆ: ಜೀವಶಾಸ್ತ್ರ, ಇಲ್ಲವೆ ಸಂಖ್ಯಾಶಾಸ್ತ್ರ. ಅವರು ಸಂಖ್ಯಾಶಾಸ್ತ್ರ ಎಂದು ಬರೆದರು.

ನಾನು ಮೆಲ್ಲಗೆ, “ಸರ್, ಡಾಕ್ಟರ್ ಆಗಾಕ ಜೀವಶಾಸ್ತ್ರ ಬ್ಯಾಡೇನ್ರಿ?” ಎಂದೆ.

“ಕೇಳು ಡಾಕ್ಟರವ್ವ. ಡಾಕ್ಟರ್ ಸೀಟು ಯಾರಿಗೆ ಸಿಗ್ತದ? ಹೆಚ್ಚ ಮಾರ್ಕ್ಸ್ ಬಂದವರಿಗೆ. ಸಂಖ್ಯಾಶಾಸ್ತ್ರ ಅಂದ್ರ ಲೆಕ್ಕ, ನೂರಕ್ಕ ನೂರ ಬರ್ತಾವ. ಜೀವಶಾಸ್ತ್ರದಾಗ ಯಾವ ಮಾಸ್ತರ ನೂರ ಕೊಡ್ತಾನ? ಎಲಿ ಚಿತ್ರ ಸೊಟ್ಟ ಆತು ಅಂತ ಎರಡ ಕಟ್. ಕೂಡಿಸಿ ನೋಡಿದ್ರ ನೀ ಹಿಂದ ಬೀಳ್ತಿ. ಎಲಿ, ಹುಳ ಎಲ್ಲಾ ಡಾಕ್ಟರ್ ಕಾಲೇಜಿನ್ಯಾಗ ಅವರ ಕಲಸ್ತಾರ. ಮೊದಲ ಒಳಗ ಹೋಗಬೇಕಲ್ಲ?”

ಆ ಮಾತಿನಲ್ಲಿ ಎಲ್ಲೂ ಒಡಕು ಕಾಣಿಸಲಿಲ್ಲ. ಅವರು ಕಲಿತ ಕಾಲದ ನಿಯಮ ಹಾಗಿತ್ತೋ, ಯಾರೋ ಹೇಳಿದ್ದನ್ನು ನಂಬಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಅಪ್ಪ ಅರ್ಜಿಯ ಕೆಳಗೆ ಸಹಿ ಮಾಡಿದ.

ಎರಡು ವರ್ಷ ಓದಿದೆ. ಪಿಯುಸಿ ಫಲಿತಾಂಶ ಬಂದಾಗ ಗಣಿತದಲ್ಲೂ ಸಂಖ್ಯಾಶಾಸ್ತ್ರದಲ್ಲೂ ಮಾಸ್ತರರು ಹೇಳಿದಷ್ಟೇ ಅಂಕ ಬಂದಿದ್ದವು, ಒಂದೆರಡು ಮಾತ್ರ ಕಡಿಮೆ. ಅವರು ಅತನೂರಿನಿಂದ ಪೇಢೆ ತಂದು ಊರಿಗೆಲ್ಲ ಹಂಚಿದರು. ವೈದ್ಯಕೀಯ ಸೀಟಿನ ಅರ್ಜಿ ತರಲು ನಾನು, ಅಪ್ಪ, ಮಾಸ್ತರರು ಮೂವರೂ ಗುಲ್ಬರ್ಗಾಕ್ಕೆ ಹೋದೆವು. ಅಂದು ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಕಿಟಕಿಯ ಮುಂದೆ ಉದ್ದನೆಯ ಸಾಲು. ನಮ್ಮ ಸರದಿ ಬಂದಾಗ ಒಳಗಿದ್ದ ಗುಮಾಸ್ತರು ಅಂಕಪಟ್ಟಿಯನ್ನು ಒಮ್ಮೆ ನೋಡಿ, ಮಾತಾಡದೆ ಹಿಂದಕ್ಕೆ ತಳ್ಳಿದರು.

ಮಾಸ್ತರರು, “ಯಾಕ್ರಿ ಸಾಹೇಬ್ರ?” ಎಂದರು.

“ಜೀವಶಾಸ್ತ್ರ ಎಲ್ಲದರಿ?”

“ಅದರ ಬದಲಿ ಸಂಖ್ಯಾಶಾಸ್ತ್ರ ಅದರಿ. ಗಣಿತದಾಗ ನೋಡ್ರಿ ಎಷ್ಟ ಬಂದಾವ! ನಿಮ್ಮ ಸಾಲಿನ್ಯಾಗ ನಿಂತವರಾಗ ಯಾರಿಗರೆ ಇಷ್ಟ ಬಂದಾವೇನು?”

“ಗಣಿತ ಇಲ್ಲಿ ಯಾರ ಕೇಳ್ಯಾರ್ರಿ? ಭೌತ, ರಸಾಯನ, ಜೀವಶಾಸ್ತ್ರ, ಈ ಮೂರರ ಮ್ಯಾಲ ಸೀಟು. ಜೀವಶಾಸ್ತ್ರ ಇಲ್ಲಂದ್ರ ಅರ್ಜಿನೂ ಕೊಡಾಕ ಬರೂದಿಲ್ಲ. ಸರೀರಿ, ಹಿಂದಿನವರು ನಿಂತಾರ.”

ಮಾಸ್ತರರು ಸರಿಯಲಿಲ್ಲ. ಅಂಕಪಟ್ಟಿಯನ್ನು ಮತ್ತೆ ಕಿಟಕಿಯೊಳಗೆ ನೂಕಿ, “ಕೂಡಿಸಿ ನೋಡ್ರಿ, ಒಮ್ಮೆ ಕೂಡಿಸಿ ನೋಡ್ರಿ” ಎಂದು ಹೇಳುತ್ತಲೇ ಇದ್ದರು. ಹಿಂದಿನವರು ಗೊಣಗತೊಡಗಿದರು. ಕೊನೆಗೆ ಅಪ್ಪನೇ ಅವರ ಭುಜ ಹಿಡಿದು ಈಚೆ ಕರೆತಂದ.

ಬರುವಾಗ ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿಯಿದ್ದವು. ಮಾಸ್ತರರು ಮಾತ್ರ ಬಾಗಿಲ ಬಳಿಯ ಕಂಬ ಹಿಡಿದು ನಿಂತೇ ಬಂದರು. ಕಂಡಕ್ಟರು, “ಕುಂದರ್ರಿ ಮಾಸ್ತರ್ರ” ಎಂದರೂ ಕೂರಲಿಲ್ಲ. ಅತನೂರಿಗಿಂತ ಎಷ್ಟೋ ಹಿಂದೆಯೇ ಬಸ್ಸು ನಿಲ್ಲಿಸಿ ಇಳಿದು, ಬಿಸಿಲಲ್ಲಿ ಹೊಲಗಳ ನಡುವೆ ನಡೆದುಹೋದರು.

ಮರುದಿನ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದು ನಿಂತರು. ಕಟ್ಟೆ ಹತ್ತಲಿಲ್ಲ. “ನಂದ ತಪ್ಪ ಆಗ್ಯಾದ್ರಿ ಅಕ್ಕಾ” ಎಂದು ಅವ್ವನಿಗೆ ಕೈ ಮುಗಿದರು. ಅಪ್ಪನಿಗೆ, “ಎರಡ ವರ್ಷ ಕೊಡ್ರಿ ಅಣ್ಣಾರ. ಮತ್ತೊಮ್ಮೆ ಪಿಯುಸಿಗೆ ಹಾಕ್ತೇನಿ, ಜೀವಶಾಸ್ತ್ರ ತಗೊಂಡು ಓದಲಿ. ಎಲ್ಲಾ ಓಡಾಟ ನಂದು” ಎಂದರು.

ಅಪ್ಪ ಅವರ ಮುಖ ನೋಡದೆ, “ಆತಲ್ಲ ಬಿಡ್ರಿ ಮಾಸ್ತರ್ರ. ಹೆಣ್ಣ ಹುಡುಗಿ. ಇನ್ನೆರಡ ವರ್ಷ ಹಿಂದಕ್ಕ ಹೋಗಾಕ ಆಗೂದಿಲ್ಲ” ಎಂದ. ಆಯಿ ಒಳಗಿನಿಂದ, “ನಮ್ಮ ಹುಡುಗಿ ಬಾಳೇ ಹಾಳ ಮಾಡಿದಿ” ಎಂದು ಕೂಗಿದಳು. ಮಾಸ್ತರರು ಅದಕ್ಕೂ “ಹೌದ್ರಿ ಆಯಿ” ಎಂದರು. ನಾನು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡೆ. ಹೊರಗೆ ಬರಲಿಲ್ಲ.

ಆಮೇಲೆ ನಾನು ಬಿಎಸ್‌ಸಿ ಮಾಡಿದೆ, ಬಿಎಡ್ ಮಾಡಿದೆ, ಗಣಿತದ ಟೀಚರಾದೆ. ಅರ್ಜಿ ತುಂಬುವ ಕೆಲಸವನ್ನು ಮತ್ತೆ ಅವರ ಕೈಗೆ ಯಾರೂ ಕೊಡಲಿಲ್ಲ. ಅವರೂ ಕೇಳಲಿಲ್ಲ. ನಾನು ರಜೆಗೆ ಬಂದಾಗ ಎದುರಾದರೆ, “ಚಂದ ಇದ್ದೀಯೇನು ತಂಗಿ?” ಎಂದು ನೆಲ ನೋಡುತ್ತ ಕೇಳಿ ಮುಂದೆ ಹೋಗುತ್ತಿದ್ದರು. ಡಾಕ್ಟರವ್ವ ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ನನ್ನ ಚಿಕ್ಕ ತಂಗಿ ಅವರ ಕೈಯಲ್ಲಿ ಓದುತ್ತಿದ್ದಳು. ಅವಳು ಹೇಳಿದ್ದನ್ನು ಕೇಳಿ ನನಗೆ ನಂಬಲಾಗಲಿಲ್ಲ. ಮಾಸ್ತರರು ಈಗ ‘ಮುಂದ’ ಎಂದು ಕೇಳುವುದಿಲ್ಲವಂತೆ. ಒಂದು ಹಂತ ಬರೆದು, “ನಾ ಬರದದ್ದು ಬರೋಬರಿ ಅದ ಏನು, ನೋಡ್ರಿ” ಅನ್ನುತ್ತಾರಂತೆ. ಹೊಲ ಅಳೆಯಲು ಕರೆದರೆ, “ಬ್ಯಾಡ್ರಿ, ಸರ್ವೆಯವರಿಗೆ ಹೇಳ್ರಿ” ಎಂದು ಒಳಗೆ ಹೋಗಿಬಿಡುತ್ತಿದ್ದರು. ಜೀವಶಾಸ್ತ್ರದ ಪಾಠಗಳನ್ನು ಮಾತ್ರ ಬಿಡದೆ ಮಾಡುತ್ತಿದ್ದರು. ಎಲ್ಲಿಂದಲೋ ಪಿಯುಸಿಯ ಹಳೆಯ ಪುಸ್ತಕ ತಂದು, ನಲವತ್ತು ದಾಟಿದ ಆ ಮನುಷ್ಯ ಶಾಲೆಯ ಹಿಂದೆ ಕೂತು ಎಲೆಯ ಚಿತ್ರ ಬರೆದು ಕಲಿತರು. ತಂಗಿಯ ನೋಟ್‌ಬುಕ್ಕಿನಲ್ಲಿ ಅವರು ಬರೆದುಕೊಟ್ಟ ಎಲೆಯ ಚಿತ್ರ ನೋಡಿದ್ದೇನೆ. ನಡುಗುವ ಗೆರೆ. ನರಗಳು ಎರಡೂ ಬದಿಗೆ ಒಂದೇ ಅಳತೆಯಲ್ಲಿದ್ದವು, ಅಳತೆಪಟ್ಟಿ ಇಟ್ಟು ಎಳೆದ ಹಾಗೆ.

ಜೂನ್ ಬಂದರೆ ಅವರು ರಜೆ ಹಾಕಿ ನಾನು ಓದಿದ್ದ ಕಾಲೇಜಿನ ಗೇಟಿಗೆ ಹೋಗಿ ನಿಲ್ಲುತ್ತಿದ್ದರು. ಅತನೂರು, ಕರಜಗಿ ಕಡೆಯಿಂದ ಅರ್ಜಿ ಹಿಡಿದು ಬಂದ ಮಕ್ಕಳನ್ನು ತಡೆದು, “ಏನ ಆಗಬೇಕಂತ ಮಾಡೀರಿ?” ಎಂದು ಕೇಳುತ್ತಿದ್ದರು. ಡಾಕ್ಟರ್ ಎಂದವರ ಅರ್ಜಿ ತೆರೆಸಿ ನಾಲ್ಕನೆಯ ವಿಷಯ ನೋಡುತ್ತಿದ್ದರು. ಒಂದು ಸಲ ಅಲ್ಲಿಯ ಸಿಪಾಯಿ, “ಮಾಸ್ತರ್ರ, ಇಲ್ಲಿ ನಿಂದರಬ್ಯಾಡ್ರಿ, ಸಾಹೇಬ್ರು ಬೈತಾರ” ಎಂದು ರಸ್ತೆಯ ಆಚೆಗೆ ಕಳಿಸಿದನಂತೆ. ಅವರು ರಸ್ತೆಯ ಆಚೆ, ಸೈಕಲ್ ರಿಪೇರಿ ಅಂಗಡಿಯ ನೆರಳಿನಲ್ಲಿ ನಿಂತರು. ಹಾದುಹೋಗುವ ಹುಡುಗರಿಗೆ ಅದು ತಮಾಷೆಯಾಗಿತ್ತು. “ನಾ ಪೈಲ್ವಾನ ಆಗ್ತೇನ್ರಿ ಸರ್, ಯಾವ ವಿಷಯ ತಗೊಳ್ಳಲಿ?” ಎಂದು ಒಬ್ಬ ಕೇಳಿದ್ದನಂತೆ. ಅದಕ್ಕೂ ಅವರು, “ಯಾರನ್ನರೆ ತಿಳದವರನ್ನ ಕೇಳು ತಮ್ಮಾ, ನನಗ ಗೊತ್ತಿಲ್ಲ” ಎಂದರಂತೆ.

ಅವರು ತಡೆದು ತಿದ್ದಿಸಿದ ಅರ್ಜಿಯವರಲ್ಲಿ ಒಬ್ಬ ಡಾಕ್ಟರಾದ. ಕರಜಗಿ ಕಡೆಯ ಹುಡುಗ. ಊರಲ್ಲಿ ಎಲ್ಲರೂ ಮಾಸ್ತರರಿಗೆ ಆ ಸುದ್ದಿ ಹೇಳಿ ಅವರನ್ನು ಖುಷಿಪಡಿಸಲು ನೋಡಿದರು. ಅವರು, “ಹೌದಾ, ಚಲೋ ಆತು” ಎಂದಷ್ಟೇ ಹೇಳಿ ನಡೆದರು.

ಇಲ್ಲಿಯವರೆಗೆ ಬರೆದದ್ದರಲ್ಲಿ ನಾನು ಒಂದು ಸಂಗತಿಯನ್ನು ಬಿಟ್ಟಿದ್ದೇನೆ. ಬೇಕೆಂದೇ ಬಿಟ್ಟೆ. ಹದಿನೈದು ವರ್ಷ ಎಲ್ಲರ ಮುಂದೆ ಈ ಕತೆಯನ್ನು ಹೀಗೆಯೇ, ಇದನ್ನು ಬಿಟ್ಟೇ ಹೇಳಿದ್ದೇನೆ.

ಪಿಯುಸಿ ಶುರುವಾದ ಮೂರನೆಯ ವಾರ ಕಾಲೇಜಿನ ಆಫೀಸಿನ ಗುಮಾಸ್ತರು ನನ್ನನ್ನು ಕರೆಸಿದ್ದರು. ವಯಸ್ಸಾದವರು, ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. “ಮುಂದ ಡಾಕ್ಟರ್ ಆಗ್ತೇನಿ ಅಂತ ನಿಮ್ಮ ಮೇಡಮ್ಮಾರ ಮುಂದ ಹೇಳಿದೆಂತಲ್ಲವಾ? ಹಂಗಾದ್ರ ಸಂಖ್ಯಾಶಾಸ್ತ್ರ ಯಾಕ? ಜೀವಶಾಸ್ತ್ರ ಇಲ್ಲಂದ್ರ ಡಾಕ್ಟರ್ ಸೀಟು ಸಿಗೂದಿಲ್ಲ. ಈ ತಿಂಗಳ ಮುಗಿಯೂದ್ರಾಗ ಬದಲಿ ಮಾಡ್ಕೊ. ಇಲ್ಲಿ ಸಹಿ ಮಾಡು, ಸಾಕು” ಎಂದು ಒಂದು ಕಾಗದವನ್ನೂ ಕೊಟ್ಟರು.

ನಾನು ಆ ಕಾಗದ ಹಿಡಿದು ಜೀವಶಾಸ್ತ್ರದ ಲ್ಯಾಬಿನ ಬಾಗಿಲಿಗೆ ಹೋದೆ. ಮೇಣ ಹಾಕಿದ ತಟ್ಟೆಯ ಮೇಲೆ ಕಪ್ಪೆಯನ್ನು ಅಂಗಾತ ಮಲಗಿಸಿ, ನಾಲ್ಕೂ ಕಾಲಿಗೆ ಗುಂಡುಸೂಜಿ ಚುಚ್ಚಿ, ಹೊಟ್ಟೆ ಸೀಳಿದ್ದರು. ಅದರ ಗುಂಡಿಗೆ ಇನ್ನೂ ಮಿಡಿಯುತ್ತಿತ್ತು. ಹುಡುಗರು ಬಗ್ಗಿ ನೋಡುತ್ತಿದ್ದರು. ನನಗೆ ಬಂಡಿಯ ಹಲಗೆಯ ಮೇಲೆ ಮಲಗಿದ್ದ ಚಿಗವ್ವ ಕಂಡಳು. ಒಳಗೆ ಹೆಜ್ಜೆ ಇಡದೆ ತಿರುಗಿ ಬಂದೆ. ಕಾಗದವನ್ನು ಮಡಚಿ ಪುಸ್ತಕದೊಳಗೆ ಇಟ್ಟೆ. ತಿಂಗಳು ಮುಗಿಯುವವರೆಗೆ ಪ್ರತಿದಿನ ಅದು ಅಲ್ಲೇ ಇತ್ತು. ಸರ್ ಹೇಳಿದ್ದಾರಲ್ಲ, ಅವರಿಗೆ ಗೊತ್ತಿಲ್ಲದ್ದು ಈ ಗುಮಾಸ್ತರಿಗೆ ಗೊತ್ತೆ ಎಂದು ನನಗೆ ನಾನೇ ಹೇಳಿಕೊಂಡೆ. ಗುಮಾಸ್ತರು ಹೇಳಿದ್ದೇ ನಿಜವೆಂದು ಮಾತ್ರ ಒಳಗೆ ಗೊತ್ತಿತ್ತು. ನನಗೆ ಡಾಕ್ಟರಾಗುವ ಧೈರ್ಯವಿರಲಿಲ್ಲ. ಅದನ್ನು ಯಾರ ಮುಂದೆಯೂ ಹೇಳುವ ಧೈರ್ಯವೂ ಇರಲಿಲ್ಲ.

ಗುಲ್ಬರ್ಗಾದ ಆ ಕಿಟಕಿಯ ಮುಂದೆ ನಿಂತಾಗ ಏನಾಗುತ್ತದೆಂದು ನಮ್ಮ ಮೂವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಮರುದಿನ ಅಂಗಳದಲ್ಲಿ ಅವರು ಕೈ ಮುಗಿದು ನಿಂತಾಗ ಬಾಗಿಲ ಹಿಂದಿನಿಂದ ಎರಡು ಹೆಜ್ಜೆ ಹೊರಗೆ ಬಂದಿದ್ದರೆ ಮುಗಿಯುತ್ತಿತ್ತು. ಅಂದು ಅಪ್ಪನ ಭಯ. ಆಮೇಲೆ ಭಯ ಹೋಯಿತು, ಅನುಕೂಲ ಉಳಿಯಿತು. ಡಾಕ್ಟರಾಗಬೇಕಾಗಿದ್ದವಳು, ಮಾಸ್ತರನೊಬ್ಬನ ತಪ್ಪಿನಿಂದ ಟೀಚರಾದಳು ಎಂದು ಗಂಡನ ಮನೆಯಲ್ಲಿ ಹೇಳಿಕೊಂಡಾಗ ಅವರ ಕಣ್ಣಲ್ಲಿ ನನ್ನ ತೂಕ ಹೆಚ್ಚುತ್ತಿತ್ತು. ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರೂ ಅಯ್ಯೋ ಅನ್ನುತ್ತಿದ್ದರು. ಹೇಳಿ ಹೇಳಿ ನನಗೇ ಅದು ಪೂರ್ತಿ ನಿಜವೆನ್ನಿಸತೊಡಗಿತ್ತು.

ಜೇವರ್ಗಿಗೆ ವರ್ಗವಾಗಿ ಬಂದ ಮೇಲೆ ಒಂದು ಮಧ್ಯಾಹ್ನ, ಹತ್ತನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು ಅರ್ಜಿ ಹಿಡಿದು ಬಂದಳು. “ಟೀಚರ್, ನನಗ ನರ್ಸ್ ಆಗಬೇಕಂತ ಅದರಿ. ನಮ್ಮ ಮನ್ಯಾಗ ಡಾಕ್ಟರ್ ಆಗು ಅಂತಾರ. ಯಾವ ವಿಷಯ ತಗೊಳ್ಳಲ್ರಿ? ನೀವ ತುಂಬಿಕೊಡ್ರಿ” ಎಂದಳು. ನಾನು ಪೆನ್ನು ತೆಗೆದೆ. ವಿಷಯಗಳ ಸಾಲಿನ ಮೇಲೆ ಪೆನ್ನಿನ ಮೊನೆ ಇಟ್ಟೆ. ಕೈ ಮುಂದೆ ಹೋಗಲಿಲ್ಲ. ಆ ಹುಡುಗಿ ಪೂರ್ತಿ ನಂಬಿಕೆಯಿಂದ ನನ್ನ ಕೈಯನ್ನೇ ನೋಡುತ್ತಿದ್ದಳು. “ನಾಳೆ ಬಾ” ಎಂದು ಕಳಿಸಿಬಿಟ್ಟೆ. ಮರುದಿನ ಎರಡು ಕಾಲೇಜುಗಳಲ್ಲಿ ವಿಚಾರಿಸಿ, ಅವಳ ತಂದೆಯನ್ನೂ ಕೂರಿಸಿಕೊಂಡು, ಜೀವಶಾಸ್ತ್ರ ತೆಗೆದುಕೊಂಡರೆ ಎರಡೂ ದಾರಿ ತೆರೆದಿರುತ್ತವೆಂದು ಹೇಳಿದೆ. ತುಂಬುವುದನ್ನು ಅವಳ ಕೈಯಿಂದಲೇ ತುಂಬಿಸಿದೆ. ಆದರೆ ಆ ಒಂದು ದಿನ ನನ್ನ ಬೆರಳಿನಲ್ಲಿದ್ದ ಭಾರವನ್ನು ಅವರು ಎಷ್ಟು ವರ್ಷ ಹೊತ್ತರು ಎಂಬುದು ಅಂದಿನಿಂದ ನನ್ನನ್ನು ಬಿಡಲಿಲ್ಲ.

ಅವರು ನಿವೃತ್ತರಾಗಿ ತಮ್ಮ ಊರು ಆಳಂದಕ್ಕೆ ಹೋಗಿದ್ದರು. ಲಕ್ವಾ ಹೊಡೆದಿದೆ ಎಂದು ತಂಗಿ ಪತ್ರ ಬರೆದಿದ್ದಳು. ಒಂದು ಭಾನುವಾರ ಬೆಳಿಗ್ಗೆ ಜೇವರ್ಗಿಯಿಂದ ಹೊರಟು, ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಕೇಳುತ್ತ ಕೇಳುತ್ತ ಅವರ ಓಣಿ ಮುಟ್ಟಿದೆ.

ಬಾಗಿಲು ತೆರೆದ ಅಕ್ಕಾರು ಮೊದಲು ಗುರುತಿಸಲಿಲ್ಲ. ಆಮೇಲೆ, “ಯವ್ವಾ, ನೀ ಏನ? ಬಾ, ಒಳಗ ಬಾ” ಎಂದು ಕೈ ಹಿಡಿದು ಕರೆದೊಯ್ದರು. ಅಕ್ಕಾರು ತೀರ ಸಣ್ಣಗಾಗಿದ್ದರು. ಮಾಸ್ತರರು ಕಬ್ಬಿಣದ ಮಂಚದ ಮೇಲೆ ಗೋಡೆಗೆ ಒರಗಿದ್ದರು. ಎಡಗೈಯನ್ನು ದಿಂಬಿನ ಮೇಲೆ ಬೇರೆ ಯಾರದೋ ವಸ್ತುವಿನ ಹಾಗೆ ಇಟ್ಟಿದ್ದರು. ಮಾತು ನಿಧಾನವಾಗಿದ್ದರೂ ಸ್ಪಷ್ಟವಿತ್ತು.

“ನೌಕರಿ ಹೆಂಗ ಅದ ತಂಗಿ?”

“ಚಲೋ ಅದರಿ ಸರ್.”

ಅಕ್ಕಾರು ಚಹಾ ಮಾಡಲು ಒಳಗೆ ಹೋದರು. ನಾನು ಮಂಚದ ಪಕ್ಕದ ನೆಲದ ಮೇಲೆ ಕೂತೆ.

“ಸರ್, ಒಂದ ಮಾತ ಹೇಳಾಕ ಬಂದೇನಿ. ಕಾಲೇಜ ಸುರು ಆದ ಮೂರನೇ ವಾರದಾಗ ಆಫೀಸಿನವರು ನನ್ನ ಕರದು, ಜೀವಶಾಸ್ತ್ರಕ್ಕ ಬದಲಿ ಮಾಡ್ಕೊ ಅಂತ ಹೇಳಿದ್ರು. ಕಾಗದಾನೂ ಕೊಟ್ಟಿದ್ರು. ನಾನ ಮಾಡ್ಕೊಳ್ಳಲಿಲ್ರಿ. ಗೊತ್ತಿದ್ದೂ ಸುಮ್ಮಿದ್ನಿ. ಅದು ನಿಮ್ಮ ತಪ್ಪಲ್ರಿ.”

ಅವರ ಮುಖದ ಒಂದು ಬದಿಯಷ್ಟೇ ನಕ್ಕಿತು.

“ಇದನ್ನ ಹೇಳಾಕ ಜೇವರ್ಗಿಯಿಂದ ಬಂದೀಯೇನು?”

“ಹೌದ್ರಿ.”

“ಭಾಳ ದೂರ ಆತಲ್ಲ ತಂಗಿ. ಮಾಸ್ತರ ಹಾಸಿಗಿ ಹಿಡದಾನ, ಹೋಗೂದ್ರಾಗ ಅವನ ಮನಸ್ಸಿಗಿ ಸಮಾಧಾನ ಆಗಲಿ ಅಂತ ಇಷ್ಟ ವಿಚಾರ ಮಾಡಿದೆಲ್ಲ, ಅಷ್ಟ ಸಾಕು.”

“ಇಲ್ರಿ ಸರ್, ಖರೇನ ಹೇಳಾಕತ್ತೇನಿ. ಲ್ಯಾಬಿನ್ಯಾಗ ಕಪ್ಪಿ ಕೊಯ್ಯೂದ ನೋಡಿ ಅಂಜಿದ್ನಿರಿ. ಅದಕ್ಕ.”

“ಕಪ್ಪಿಗೆ? ಚಿಗವ್ವನ ಹೆಣದ ಬಾಜೂಕ ಹಗಲೆಲ್ಲ ಕುಂತಾಕಿ ನೀ. ಅವತ್ತ ನಿನ್ನ ಕಣ್ಣ ನಾ ನೋಡೇನಿ. ನೀ ಕಪ್ಪಿಗೆ ಅಂಜಾಕಿ ಅಲ್ಲ.” ಬಲಗೈ ಎತ್ತಿ ನನ್ನ ತಲೆಯ ಮೇಲೆ ಇಟ್ಟರು. ಆ ಕೈ ಹಗುರವಾಗಿತ್ತು. “ಅಳಬ್ಯಾಡ. ಆ ಅರ್ಜಿ ಮ್ಯಾಲಿನ ಅಕ್ಷರ ನಂದು. ನಾ ಅದನ್ನ ಯಾರ ಮ್ಯಾಲೂ ಹಾಕೂದಿಲ್ಲ.”

ಮತ್ತೆ ಮತ್ತೆ ಹೇಳಿದೆ. ಗುಮಾಸ್ತರ ಕನ್ನಡಕ, ಕಾಗದ, ಮೇಣದ ತಟ್ಟೆ, ಎಲ್ಲವನ್ನೂ ಹೇಳಿದೆ. ನಾನು ಹೇಳಿದಷ್ಟೂ ಅವರ ಕಣ್ಣಲ್ಲಿ ನನ್ನ ಬಗ್ಗೆ ಮರುಕ ಹೆಚ್ಚುತ್ತಿತ್ತು. ಕೊನೆಗೆ ಅವರೇ ನನ್ನನ್ನು ಸಂತೈಸತೊಡಗಿದರು. ನನ್ನ ಮಕ್ಕಳನ್ನು ಕೇಳಿದರು, ಶಾಲೆಯನ್ನು ಕೇಳಿದರು. ಚಹಾ ಬಂದಿತ್ತು, ಆರಿತು.

ಹೊರಡುವಾಗ ಅಕ್ಕಾರು ಬಾಗಿಲವರೆಗೆ ಬಂದರು. ಹೊಸ್ತಿಲು ದಾಟಿದ ಮೇಲೆ, “ನಿಂದರು” ಎಂದರು. ದನಿ ಸಣ್ಣದಾಗಿತ್ತು, ಒಳಗೆ ಕೇಳಬಾರದೆಂಬಂತೆ.

“ಈಗ ನೀ ಹೇಳಿದ್ದು ಖರೇ ಏನು?”

ಇಲ್ಲ ಎನ್ನಬಹುದಿತ್ತು. ಅವರ ಸಮಾಧಾನಕ್ಕೆಂದು ಹೇಳಿದೆ ಎಂದಿದ್ದರೆ ಅಕ್ಕಾರೂ ನನ್ನ ತಲೆ ಸವರಿ ಕಳಿಸುತ್ತಿದ್ದರು.

“ಖರೇ ಅದರಿ ಅಕ್ಕಾರ.”

ಅವರು ಚೌಕಟ್ಟು ಹಿಡಿದುಕೊಂಡರು. “ಅವರು ನಂಬಲಿಲ್ಲ. ನಾ ನಂಬ್ತೇನಿ” ಎಂದರು. “ಹದಿನೈದ ವರ್ಷ. ಜೂನ್ ತಿಂಗಳ ಬಂತಂದ್ರ ನನಗ ಎದಿ ನಡಗ್ತಿತ್ತು. ರಸ್ತಾದಾಗ ನಿಂತು ಮಂದಿ ಕಡಿಂದ ನಗಿಸಿಕೊಂಡು ಬಂದು, ಉಣ್ಣದ ಹಂಗ ಮಕ್ಕೊಳ್ತಿದ್ರು. ನಮ್ಮ ಹುಡುಗ್ಯಾರ ಅರ್ಜಿನೂ ಮುಟ್ಟಲಿಲ್ಲ ಅವರು. ನಿನಗ ಒಂದ ಕಾರ್ಡ್ ಬರಿಯಾಕ ಆಗಲಿಲ್ಲೇನ ಯವ್ವಾ? ಒಂದ ಕಾರ್ಡ್?”

ನಾನು ಚಪ್ಪಲಿ ಮೆಟ್ಟಿಕೊಂಡೆ.

“ಇನ್ನ ಬರಬ್ಯಾಡ” ಎಂದರು.

ಒಳಗಿನಿಂದ ಮಾಸ್ತರರು ನಿಧಾನವಾಗಿ ಕೂಗಿ ಹೇಳುವುದು ಕೇಳಿಸಿತು: “ಏ, ಆಕಿಗಿ ಓಣಿ ಗೊತ್ತಾಗೂದಿಲ್ಲ. ಬಸ್‌ಸ್ಟ್ಯಾಂಡಿಗಿ ಹೆಂಗ ಹೋಗಬೇಕು, ಬರೋಬರಿ ಹೇಳಿ ಕಳಸು.”

ಅಕ್ಕಾರು ಕೈ ಎತ್ತಿ ಎಡಗಡೆಗೆ ತೋರಿಸಿದರು. ಆಮೇಲೆ ಒಳಗೆ ಹೋದರು.